ಎರಡಕ್ಷರದ ‘ವಡೆ’ಯೂ ಮದ್ದೂರಿನ ಹೊಸ ಅರ್ಥವೂ

ಮದ್ದೂರು: ಬೆಂಗಳೂರು–ಮೈಸೂರು ರೈಲಿನಲ್ಲಿ ಸಂಚರಿಸಿದವರಾರಿಗೂ ‘ಮದ್ದೂರ್ ವಡೆ’ ಎಂಬ ಕೂಗು ಅಪರಿಚಿತವಲ್ಲ. ಆದರೆ ಪದದ ಮೂಲಾರ್ಥವನ್ನು ಹಿಡಿದು ನೋಡಿದರೆ ಮಾರುವವರ ಬುಟ್ಟಿಯಲ್ಲಿರುವ ಈ ತಿನಿಸು ವಡೆಯೇ ಅಲ್ಲ!

ಸಂಸ್ಕೃತದಲ್ಲಿ ‘ವಟಕ’ ಎಂದರೆ ಬೇಳೆಯನ್ನು ನೆನೆಸಿ, ರುಬ್ಬಿ, ಉಂಡೆ ಕಟ್ಟಿ ಕರಿದ ಭಕ್ಷ್ಯ. ದುಂಡಗಿರುವುದು ಎಂಬ ಭಾವ ಈ ಪದದಲ್ಲಿದೆ. ಆಯುರ್ವೇದದ ಗುಳಿಗೆಗಳನ್ನು ‘ವಟಿ’ ಎಂದು ಕರೆಯುವುದು ಈ ಕಾರಣದಿಂದಲೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಉದ್ದಿನ ವಟಕವನ್ನು ಮೊಸರಿನಲ್ಲಿ ನೆನೆಸುವ ಕ್ರಮವೂ ಉಂಟು. ಇಂದಿನ ಮೊಸರು ವಡೆ ಅದರದೇ ಮುಂದುವರಿಕೆ.

ಎರಡು ಸ್ವರಗಳ ನಡುವಿನ ಟಕಾರವು ಪ್ರಾಕೃತದಲ್ಲಿ ಡಕಾರವಾಗುವುದು ಸಾಮಾನ್ಯ ನಿಯಮ. ‘ಕಟಕ’ವು ಕನ್ನಡದಲ್ಲಿ ‘ಕಡಗ’ವಾಗಿರುವುದನ್ನು ವ್ಯಾಕರಣ ಓದಿದವರು ಬಲ್ಲರು. ಅದೇ ಬಗೆಯಲ್ಲಿ ನಮ್ಮಲ್ಲಿ ‘ವಡೆ’, ತಮಿಳಿನಲ್ಲಿ ‘ವಡೈ’, ಮಲಯಾಳ ಹಾಗೂ ತೆಲುಗಿನಲ್ಲಿ ‘ವಡ’, ಮರಾಠಿಯಲ್ಲಿ ‘ವಡಾ’ ಎಂಬ ರೂಪಗಳು ನೆಲೆಗೊಂಡವು. ಉತ್ತರಕ್ಕೆ ಹೋದಂತೆ ವಕಾರವು ಬಕಾರವಾಗಿ ಹಿಂದಿಯಲ್ಲಿ ‘ಬಡಾ’ ಎನಿಸಿತು. ಹಿಂದಿಯಲ್ಲಿ ‘ಬಡಾ’ ಎಂದರೆ ದೊಡ್ಡದು ಎಂಬ ಅರ್ಥವೂ ಇದೆಯಾದರೂ ಅದು ಬೇರೆ ಮೂಲದ ಪದ. ಬೇಳೆಹಿಟ್ಟಿನ ಪುಟ್ಟ ಉಂಡೆಗಳನ್ನು ಬಿಸಿಲಿನಲ್ಲಿ ಒಣಗಿಸಿದರೆ ಅಲ್ಲಿ ‘ಬಡಿ’.

ಮಂಡ್ಯ, ಮಳವಳ್ಳಿ ಕಡೆಯ ಮನೆಗಳಲ್ಲಿ ವಡೆ ಎಂದರೆ ಸಾಮಾನ್ಯವಾಗಿ ಉದ್ದಿನದು ಇಲ್ಲವೇ ಕಡಲೆಬೇಳೆಯದು. ಹಬ್ಬದ ಎಲೆಗೆ ಬಡಿಸುವ ‘ಆಂಬೊಡೆ’ಯ ಬಾಲದಲ್ಲೂ ಇದೇ ಪದವಿದೆ. ಹೀಗೆ ಭಾಷೆಗಳು ಬದಲಾದರೂ ಬೇಳೆಯ ನಂಟು ಬಹುಮಟ್ಟಿಗೆ ಉಳಿದುಬಂದಿದೆ.

ಆ ನಂಟನ್ನು ಕಡಿದುಕೊಂಡದ್ದು ಮದ್ದೂರು. ಇಲ್ಲಿಯ ವಡೆಗೆ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಬೇಕು. ನೆನೆಸಿ ರುಬ್ಬಿದ ಬೇಳೆ ಬೇಕಿಲ್ಲ. ಉಂಡೆಯೂ ಅಲ್ಲ, ನಡುವೆ ತೂತೂ ಇಲ್ಲ. ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಗರಿಗರಿಯಾಗಿ ಕರಿಯುತ್ತಾರೆ. ರೈಲು ಬರುವಷ್ಟರಲ್ಲಿ ಬೋಂಡಾ ಬೇಯಿಸಲು ಸಮಯ ಸಾಲದೆ, ಕೈಯಲ್ಲಿದ್ದ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟದ್ದರಿಂದ ಇದು ಹುಟ್ಟಿತೆಂದೂ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು 1917ರಲ್ಲಿ ಇದನ್ನು ಆರಂಭಿಸಿದರೆಂದೂ ಪ್ರತೀತಿ. ಇದನ್ನು ರುಬ್ಬಿ ಮಾಡುವುದಿಲ್ಲ, ಬೇಗ ಹಳಸುವುದೂ ಇಲ್ಲ. ಹಾಗಾಗಿ ಪ್ರಯಾಣಿಕರ ಕೈಗೆ ಹೇಳಿ ಮಾಡಿಸಿದಂತಿದೆ.

ಬೇಳೆ ಬಿಟ್ಟ ಮೇಲೆ ಈ ವಡೆಗೆ ಗುರುತಾಗಿ ಉಳಿದದ್ದು ಊರಿನ ಹೆಸರು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಮದ್ದೂರು ಪಟ್ಟಣವನ್ನು ಹೊರಗಿಟ್ಟು ಸಾಗುತ್ತದೆ. ಹಳೆಯ ರಸ್ತೆಯ ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ವಾಹನಗಳು ಕಡಿಮೆಯಾಗಿವೆ. ಇತ್ತ ಬೆಂಗಳೂರಿನ ಬೇಕರಿಗಳಲ್ಲಿ ‘ಮದ್ದೂರು ವಡೆ’ ಪೊಟ್ಟಣಗಳಲ್ಲಿ ಸಿಗುತ್ತದೆ. ಪದವೇನೋ ಊರು ಬಿಟ್ಟು ಬದುಕಬಲ್ಲದು. ಅದಕ್ಕೆ ಹೊಸ ಅರ್ಥ ಕೊಟ್ಟ ಬಾಣಲೆಗಳು ಮದ್ದೂರಿನಲ್ಲೇ ಇವೆ. ರೈಲು ಮಾತ್ರ ಇಂದಿಗೂ ಊರಿನ ನಡುವೆಯೇ ಹಾದುಹೋಗುತ್ತದೆ.