ವಿಧವೆಯ ಪಾಲು ಮತ್ತು ಪಟ್ಟೆಯ ಹೆಸರು: ಬೀದರ ಸೀಮೆಯ ಒಂದು ಪ್ರಶ್ನೆ

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಹೈದರಾಬಾದು ಸಂಸ್ಥಾನದಲ್ಲಿ ನಡೆದ ಹಿಂಸೆಯನ್ನು ಪಂಡಿತ ಸುಂದರಲಾಲರ ಸಮಿತಿಯು ಪರಿಶೀಲಿಸಿತು. ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಅದು ಹೇಳಿತು. ವರದಿಯನ್ನು ಸರಕಾರವು ದಶಕಗಳ ಕಾಲ ಪ್ರಕಟಿಸಲಿಲ್ಲ. ಗಂಡಸರು ಹತರಾದ ಅಥವಾ ಊರು ತೊರೆದ ಮನೆಗಳಲ್ಲಿ ಉಳಿದ ಮುಸ್ಲಿಂ ಸ್ತ್ರೀಯರ ಮನೆ-ಹೊಲಗಳ ಹಕ್ಕನ್ನು ನಾವಿಲ್ಲಿ ವಿಚಾರಿಸುವೆವು.

ಷರೀಅತ್ತಿನಂತೆ ಮಕ್ಕಳುಳ್ಳ ವಿಧವೆಗೆ ಗಂಡನ ಆಸ್ತಿಯಲ್ಲಿ 1/8, ಮಕ್ಕಳಿಲ್ಲದವಳಿಗೆ 1/4 ಪಾಲುಂಟು. ಮಗಳಿಗೆ ಮಗನ ಪಾಲಿನ ಅರ್ಧ. ಸಲ್ಲದೆ ಉಳಿದ ಮಹರ್ ಗಂಡನ ಮೇಲಣ ಸಾಲವಾದುದರಿಂದ ಪಾಲು ಹಂಚುವ ಮುನ್ನ ತೀರತಕ್ಕದ್ದು. ಆಸ್ತಿಯನ್ನು ನ್ಯಾಯವಾಗಿ ಸ್ವಾಧೀನಪಡೆದ ವಿಧವೆಯು ಮಹರ್ ತೀರುವವರೆಗೆ ಅದನ್ನು ಬಿಟ್ಟುಕೊಡಬೇಕಿಲ್ಲ.

ಆದರೆ ಈ ರಕ್ಷಣೆಯು ಸ್ವಾಧೀನವನ್ನೇ ಅವಲಂಬಿಸಿದೆ. ಔರಾದ ತಾಲೂಕಿನ ಚಿಂತಾಕಿಯಂತಹ ಹಳ್ಳಿಯನ್ನು ಬಿಟ್ಟು ಬೀದರ ಪಟ್ಟಣವನ್ನು ಸೇರುವವಳಿಗೆ ಸ್ವಾಧೀನವೇ ತಪ್ಪುವುದು. ನಿಜಾಮರ ಕಾಲದ ಕಂದಾಯ ದಫ್ತರವು ಉರ್ದುವಿನಲ್ಲಿದ್ದಿತು. ಪಟ್ಟೆಯು ಸಾಮಾನ್ಯವಾಗಿ ಗಂಡನ ಹೆಸರಿನದು. ಗಂಡನು ಪಾಕಿಸ್ತಾನಕ್ಕೆ ಹೋಗಿದ್ದರೆ, ನಿರ್ಗಮಿತರ ಆಸ್ತಿಯನ್ನು ಕುರಿತ 1950ರ ಕಾಯಿದೆಯಂತೆ ಅವನ ಆಸ್ತಿಯು ಕಸ್ಟೋಡಿಯನ್ನರ ವಶವಾಗುತ್ತಿದ್ದಿತು. ಅವನು ಬದುಕಿರುವಾಗ ಹೆಂಡತಿಗೆ ಉತ್ತರಾಧಿಕಾರದ ಪಾಲೂ ಇಲ್ಲ. ಅನ್ಯನು ಹೊಲವನ್ನು ತನ್ನದೆಂದೇ 12 ವರ್ಷ ಬಹಿರಂಗವಾಗಿ ಅನುಭವಿಸಿದರೆ ದಾವೆಯ ಅವಧಿ ಮೀರಿ, ಮೂಲದ ಹಕ್ಕೇ ಅಳಿಯುವುದು.

ಆದುದರಿಂದ ಸ್ಥಳಾಂತರಗೊಂಡ ಸ್ತ್ರೀಗೆ ಪಾಲನ್ನು ವಿಧಿಸಿದರಷ್ಟೆ ಸಾಲದು. ಗಂಡನು ಸತ್ತೊಡನೆ ವಾರಸುದಾರಳ ಹೆಸರು ಪಹಣಿಯಲ್ಲಿ ದಾಖಲಾಗಬೇಕು. ಭಯದಿಂದ ಊರು ಬಿಟ್ಟ ಕಾಲವನ್ನು ದಾವೆಯ ಅವಧಿಯಿಂದ ಕಳೆಯಬೇಕು. ಇವೆರಡೂ ಇಲ್ಲದಿದ್ದಲ್ಲಿ ಆಕೆಯ ಪಾಲು ಲೆಕ್ಕದಲ್ಲಿಯೇ ಉಳಿಯುವುದೆಂದು ನಮ್ಮ ಅಭಿಪ್ರಾಯ.