ರೆಕ್ಕೆ ಬಡಿಯದೆ ಹಾರುವ ವಿದ್ಯೆ

ಹಕ್ಕಿಯ ಬದುಕಿನಲ್ಲಿ ರೆಕ್ಕೆ ಬಡಿತದಷ್ಟು ದುಬಾರಿ ಕೆಲಸ ಬೇರೆ ಇಲ್ಲವೆಂದೇ ಹೇಳಬೇಕು. ಅದಕ್ಕಾಗಿ ಎದೆಯ ಮೇಲೆ ಎರಡು ಜೋಡಿ ಸ್ನಾಯುಗಳಿವೆ. ದೊಡ್ಡದು ರೆಕ್ಕೆಯನ್ನು ಕೆಳಗೆಳೆಯುತ್ತದೆ. ರೆಕ್ಕೆಯನ್ನು ಮೇಲೆತ್ತುವ ಸ್ನಾಯು ಬೆನ್ನಿನಲ್ಲಿರಬೇಕು ಎಂದು ಯಾರಿಗಾದರೂ ಅನಿಸೀತು. ಆದರೆ ಅದೂ ಎದೆಯಲ್ಲೇ, ದೊಡ್ಡ ಸ್ನಾಯುವಿನ ಅಡಿಯಲ್ಲಿದೆ. ಅದರ ತುದಿಯ ರಜ್ಜು ಭುಜದ ಮೂಳೆಗಳ ನಡುವಿನ ಕಿಂಡಿಯಲ್ಲಿ ತೂರಿ, ರಾಟೆಯ ಹಗ್ಗದಂತೆ ತಿರುಗಿ, ರೆಕ್ಕೆಮೂಳೆಯ ಮೇಲ್ಬದಿಗೆ ಅಂಟಿಕೊಳ್ಳುತ್ತದೆ. ಕೋಳಿಯ ಎದೆಮಾಂಸ ಬಿಡಿಸುವಾಗ ದೊಡ್ಡ ತುಂಡಿನ ಒಳಗೆ ಬಿಳಿ ನರವಿರುವ ಸಣ್ಣ ಉದ್ದನೆಯ ಪಟ್ಟಿ ಸಿಗುತ್ತದಲ್ಲ, ಅದೇ ಈ ಸ್ನಾಯು. ಭಾರವೆಲ್ಲ ಹೀಗೆ ಕೆಳಗೆ ಕೂಡಿರುವುದು ಹಾರುವಾಗ ಹಕ್ಕಿಯ ಸಮತೋಲಕ್ಕೂ ಅನುಕೂಲ.

ರೆಕ್ಕೆಯ ಮೈ ಮೇಲ್ಗಡೆ ಉಬ್ಬು. ಮುಂದಿನ ಅಂಚು ದಪ್ಪ, ಹಿಂದಿನ ಅಂಚು ತೆಳು. ಮುಂದಕ್ಕೆ ಸಾಗುವಾಗ ಅದು ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ಹಕ್ಕಿಯನ್ನು ಮೇಲಕ್ಕೆ ಎತ್ತುತ್ತದೆ. ಈ ಎತ್ತುಬಲ ಸಿಗಬೇಕಾದರೆ ವೇಗ ಬೇಕು. ವೇಗವನ್ನು ರೆಕ್ಕೆ ಬಡಿದು ಗಳಿಸಬಹುದು, ಇಲ್ಲವೇ ಎತ್ತರವನ್ನು ಬಿಟ್ಟುಕೊಟ್ಟು ಪಡೆಯಬಹುದು. ರೆಕ್ಕೆ ಚಾಚಿ ಇಳಿಜಾರಿನಲ್ಲಿ ಜಾರುವ ಎರಡನೆಯ ಬಗೆಯೇ ತೇಲುಹಾರಾಟ. ತೇಲುವ ಹಕ್ಕಿ ತನ್ನ ಸುತ್ತಲಿನ ಗಾಳಿಯೊಳಗೆ ಸದಾ ಇಳಿಯುತ್ತಲೇ ಇರುತ್ತದೆ. ಆ ಗಾಳಿಯೇ ಈ ಇಳಿತಕ್ಕಿಂತ ಬೇಗ ಮೇಲೇರುತ್ತಿದ್ದರೆ ಮಾತ್ರ ಹಕ್ಕಿಯೂ ಮೇಲೇರುತ್ತದೆ.

ಅಂಥ ಗಾಳಿ ಹುಟ್ಟುವುದಕ್ಕೆ ಬೀದರ್ ಜಿಲ್ಲೆಯ ನೆಲ ಹೇಳಿ ಮಾಡಿಸಿದ್ದು. ಬೀದರ್ ನಗರ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ, ಔರಾದ್ ಕಡೆಗೆ ಇಳಿದರೆ ಮಾಂಜ್ರಾ ನದಿಯ ಬಯಲು, ಕರಿ ಎರೆಹೊಲಗಳು. ತೊಗರಿ, ಜೋಳ ಕಟಾವಾದ ಮೇಲೆ ಬೇಸಿಗೆಯಲ್ಲಿ ಈ ನೆಲ ಬರಿದಾಗಿ ಕಾಯುತ್ತದೆ. ಕಪ್ಪು ಮಣ್ಣು ಬಿಸಿಲನ್ನು ಹೀರಿ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ; ಹಗುರಾದ ಗಾಳಿ ಕಂಬದಂತೆ ಏಳುತ್ತದೆ. ಇದೇ ಥರ್ಮಲ್. ನೀರುಂಡ ಕಬ್ಬಿನ ಗದ್ದೆಯ ಮೇಲೆ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಹಿನ್ನೀರಿನ ಮೇಲೆ ಹಗಲಿನಲ್ಲಿ ಇಂಥ ಕಂಬಗಳು ದುರ್ಬಲ. ಆಕಾಶದಲ್ಲಿ ಹದ್ದುಗಳು ಸುತ್ತು ಹಾಕುತ್ತಿರುವ ಜಾಗ ನೋಡಿ ಕೆಳಗಿನ ನೆಲ ಎಂಥದ್ದೆಂದು ಊಹಿಸಲು ಸಾಧ್ಯ.

ಬೀದರ್ ಕೋಟೆಯ ಅಂಚಿನಲ್ಲಿ ಇನ್ನೊಂದು ಬಗೆಯ ಏರುಗಾಳಿ ಸಿಗುತ್ತದೆ. ಅಹ್ಮದ್ ಶಾ ವಲಿ 15ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ ಪ್ರಸ್ಥಭೂಮಿಯ ತುದಿಯಲ್ಲಿದೆ. ಅದರ ಉತ್ತರಕ್ಕೆ ನೆಲ ಕುಸಿದು ತಗ್ಗು ಬಯಲಾಗುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಈ ಏರಿಗೆ ಬಡಿದು ಮೇಲಕ್ಕೆ ತಿರುಗಬೇಕಾಗುತ್ತದೆ. ಅಲ್ಲಿ ಹದ್ದು ಎದುರುಗಾಳಿಗೆ ಮುಖ ಮಾಡಿ, ಕವಲು ಬಾಲವನ್ನು ಆ ಕಡೆ ಈ ಕಡೆ ತಿರುಚುತ್ತ, ಒಂದೇ ಕಡೆ ನಿಂತಂತೆ ತೇಲಬಲ್ಲದು. ರೆಕ್ಕೆತುದಿಯ ಗರಿಗಳು ಆಗ ಬೆರಳು ಬಿಡಿಸಿದಂತೆ ಬೇರೆಬೇರೆಯಾಗಿ ಕಾಣುತ್ತವೆ. ತುದಿಯಲ್ಲಿ ಏಳುವ ಗಾಳಿಸುಳಿಯನ್ನು ಈ ಸೀಳುಗಳು ಹಂಚಿಬಿಡುವುದರಿಂದ ಹಿಂದೆಳೆತ ತಗ್ಗುತ್ತದೆ.

ಈ ವಿದ್ಯೆಯಲ್ಲಿ ರಣಹದ್ದನ್ನು ಮೀರಿಸಿದ ಹಕ್ಕಿಗಳು ಬಹಳ ಇಲ್ಲ. ಐದಾರು ಕಿಲೋ ತೂಕದ ಈ ಹಕ್ಕಿಗೆ ರೆಕ್ಕೆ ಬಡಿದೇ ದಿನವಿಡೀ ಹೆಣ ಹುಡುಕುವ ಶಕ್ತಿ ಎಲ್ಲಿಯದು? ಅದಕ್ಕೇ ಬಿಸಿಲೇರುವವರೆಗೆ ಕಾದು, ಮೊದಲ ಥರ್ಮಲ್ ಎದ್ದಾಗ ಹೊರಡುತ್ತದೆ. ಕಂಬದೊಳಗೆ ಸುತ್ತುತ್ತ ಮೇಲೇರಿ, ಅಲ್ಲಿಂದ ಮುಂದಿನ ಕಂಬದತ್ತ ಜಾರುತ್ತದೆ. 1 ಮೀಟರ್ ಎತ್ತರ ಕಳೆದುಕೊಂಡರೆ ಅದು ಸುಮಾರು 15 ಮೀಟರ್ ಮುಂದೆ ಸಾಗಬಲ್ಲದು. ಬೀದರಿನಿಂದ ಭಾಲ್ಕಿಗೆ ನೇರ ಹಾದಿ ಸುಮಾರು 35 ಕಿ.ಮೀ.; 1,000 ಮೀಟರಿನಷ್ಟು ಮೇಲೇರುವ ಅವಕಾಶ ಮೂರು ಸಲ ಸಿಕ್ಕರೆ ಲೆಕ್ಕದ ಪ್ರಕಾರ ಅಷ್ಟು ದಾರಿ ಮುಗಿಯುತ್ತದೆ. ಕಾಲಿನ್ ಪೆನಿಕ್ವಿಕ್ ಎಂಬ ವಿಜ್ಞಾನಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಮೋಟಾರ್ ಗ್ಲೈಡರ್ ಹಾರಿಸಿಕೊಂಡು ರಣಹದ್ದುಗಳ ಜೊತೆಜೊತೆಗೇ ಸಾಗಿ ಈ ಹಾರಾಟವನ್ನು ಅಳೆದರು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಕ್ಷಿಣ ಅಮೆರಿಕದ ಆಂಡಿಯನ್ ಕಾಂಡೋರ್ ಒಂದು 5 ಗಂಟೆಗೂ ಹೆಚ್ಚು ಹೊತ್ತು, ಸುಮಾರು 172 ಕಿ.ಮೀ. ದೂರ, ಒಮ್ಮೆಯೂ ರೆಕ್ಕೆ ಬಡಿಯದೆ ಹಾರಿದ್ದು ದಾಖಲಾಗಿದೆ.

ಮೇಲೇರಲು ಇಷ್ಟು ಕಷ್ಟವಿರುವ ಹಕ್ಕಿಗೆ ಗೂಡಿನ ಜಾಗವೂ ಮುಖ್ಯ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಯ ಸಂದುಗಳಲ್ಲಿ ಗೂಡು ಮಾಡುತ್ತವೆ. ಅಂಚಿನಿಂದ ಜಿಗಿದರೆ ವೇಗ ತಾನಾಗಿ ಬರುತ್ತದೆ. ಕರ್ನಾಟಕ ಸರ್ಕಾರ ಈ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು.

ಮನುಷ್ಯನ ವಿಮಾನಕ್ಕೂ ಹದ್ದಿಗೂ ಬೀದರಿನಲ್ಲಿ ಆಕಾಶ ಒಂದೇ. ಇಲ್ಲಿನ ವಾಯುನೆಲೆ ಪೈಲಟ್‌ಗಳ ತರಬೇತಿ ಕೇಂದ್ರ. 1996ರಲ್ಲಿ ರಚನೆಯಾದ, ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಇದೇ. ವೇಗದ ಜೆಟ್ಟಿಗೆ ಹದ್ದು ತಾಗಿದರೆ ಎಂಜಿನ್ನೇ ಕೆಡಬಹುದು. ಹೆಣ, ಮಾಂಸದ ಕಸ ಇದ್ದಲ್ಲಿ ಹದ್ದುಗಳು ಸೇರುತ್ತವೆ. ವಿಮಾನ ನಿಲ್ದಾಣದ 10 ಕಿ.ಮೀ. ಸುತ್ತ ಪ್ರಾಣಿ ಕಡಿಯುವುದನ್ನು, ಕಸ ಎಸೆಯುವುದನ್ನು 1937ರ ವಿಮಾನ ನಿಯಮಗಳು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಔರಾದ್, ಭಾಲ್ಕಿ ದೇವಣಿ ದನಗಳ ಸೀಮೆ. ದನ ಸಾಕುವ ಊರುಗಳಲ್ಲಿ ಸತ್ತ ದನವನ್ನು ಊರ ಹೊರಗೆ ಹಾಕುವುದು ಹಳೆಯ ರೂಢಿ. ಆ ಹೆಣ ಕೊಳೆಯುವ ಮೊದಲೇ ಮೂಳೆಯಷ್ಟೇ ಉಳಿಸುತ್ತಿದ್ದವು ರಣಹದ್ದುಗಳು. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಮದ್ದು ಹೆಣದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಗಳ ಮೂತ್ರಪಿಂಡವನ್ನು ಹಾಳುಮಾಡುತ್ತದೆ ಎಂಬುದು 2004ರಲ್ಲಿ ಖಚಿತವಾಯಿತು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರೊಳಗೆ ಶೇ 99ಕ್ಕೂ ಹೆಚ್ಚು ಕುಸಿಯಿತು. ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಕೊಡುವುದನ್ನು 2023ರಲ್ಲಿ ನಿಷೇಧಿಸಲಾಯಿತು. ಮೆಲೋಕ್ಸಿಕಾಮ್ ರಣಹದ್ದುಗಳಿಗೆ ಹಾನಿ ಮಾಡದ ಬದಲಿ ಮದ್ದು. ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯ ಇರುವುದೇ ಬೀದರಿನಲ್ಲಿ. ಹಳ್ಳಿಯ ಕೊಟ್ಟಿಗೆಯವರೆಗೆ ಈ ತಿಳಿವಳಿಕೆ ಮುಟ್ಟುವುದು ಬಹಳ ಜರೂರು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಮರಿ ಬೆಳೆದು ತಾನೇ ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು.