ಕೋಳಿ ಬರುವ ಮೊದಲು ಗೂಡು ಬರಲಿ

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ನನ್ನ ಮಗಳು ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಮನೆಯೊಳಗೆ ಬಂದಳು. ಪೆಟ್ಟಿಗೆಯಲ್ಲಿ ಎರಡು ಕೋಳಿಮರಿಗಳಿದ್ದವು. ಒಂದು ಗುಲಾಬಿ ಬಣ್ಣದ್ದು, ಇನ್ನೊಂದು ಹಸಿರು. ರಸ್ತೆ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವವನಿಂದ ಅವಳ ಮಾವ ಕೊಡಿಸಿದ್ದರು. ಆ ರಾತ್ರಿ ಅವಳು ಊಟ ಮಾಡಿದ್ದೂ ಪೆಟ್ಟಿಗೆಯ ಪಕ್ಕದಲ್ಲೇ. ಮೂರನೆಯ ದಿನ ನಾನು ಫಜ್ರ್ ನಮಾಝಿಗೆ ಎದ್ದಾಗ ಪೆಟ್ಟಿಗೆಯಿಂದ ಸದ್ದಿರಲಿಲ್ಲ. ಎರಡೂ ಒಂದಕ್ಕೊಂದು ಅಂಟಿಕೊಂಡು ಸತ್ತಿದ್ದವು.

ಮಗಳಿಗೆ ಏನು ಹೇಳುವುದೆಂದು ತಿಳಿಯದೆ ಊರಿಗೆ ಫೋನ್ ಮಾಡಿದೆ. ಬೆಳ್ತಂಗಡಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ಉಮ್ಮ ಐವತ್ತು ವರ್ಷ ಕೋಳಿ ಸಾಕಿದವರು. ಅವರು ಸಮಾಧಾನದ ಮಾತೇನೂ ಆಡಲಿಲ್ಲ. “ಗೂಡಿಲ್ಲದ ಮನೆಗೆ ಕೋಳಿ ತಂದರೆ ಅದು ಸಾಕಿದ್ದಲ್ಲ ಮೋನೇ, ಕೊಂದದ್ದು” ಎಂದರು.

ಆ ಮಾತು ಒಂದು ವರ್ಷದಿಂದ ನನ್ನನ್ನು ಚುಚ್ಚುತ್ತಲೇ ಇದೆ. ಈ ವರ್ಷ ಮಗಳು ಪುನಃ ಕೋಳಿ ಬೇಕೆಂದಾಗ ನಾನು ಬೇಡವೆನ್ನಲಿಲ್ಲ. ಆದರೆ ಒಂದು ಶರತ್ತು ಹಾಕಿದೆ. ಮೊದಲು ಎಲ್ಲ ತಯಾರಿ ಮುಗಿಯಬೇಕು, ಕೋಳಿ ಬರುವುದು ಕೊನೆಗೆ. ಮೂರು ತಿಂಗಳ ಆ ತಯಾರಿಯಲ್ಲಿ ಕಲಿತದ್ದನ್ನು, ನನ್ನಂತೆ ಮೊದಲ ಬಾರಿ ಕೋಳಿ ಸಾಕಲು ಹೊರಟವರಿಗಾಗಿ ಇಲ್ಲಿ ಬರೆದಿದ್ದೇನೆ.

ಆ ಬಣ್ಣದ ಮರಿಗಳು ಯಾಕೆ ಸತ್ತವು?

ಮೊಟ್ಟೆಗಾಗಿ ಸಾಕುವ ತಳಿಯ ಕೋಳಿಗಳಲ್ಲಿ ಗಂಡುಮರಿಗೆ ಬೆಲೆಯಿಲ್ಲ. ಅದು ಮೊಟ್ಟೆ ಇಡುವುದಿಲ್ಲ, ಮಾಂಸವೂ ಬೇಗ ತುಂಬುವುದಿಲ್ಲ. ಮರಿ ಮಾಡುವ ಕೇಂದ್ರಗಳಲ್ಲಿ ಬೇಡವಾದ ಇಂತಹ ಗಂಡುಮರಿಗಳೇ ಬಹುತೇಕ ಬಣ್ಣ ಬಳಿಸಿಕೊಂಡು ಬೀದಿಗೆ ಬರುತ್ತವೆ. ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನಂತರ ಪ್ರತಿವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಹೋಗಬೇಕು. ತಾಯಿಕೋಳಿ ರೆಕ್ಕೆಯಡಿಯಲ್ಲಿ ಕೊಡುವುದು ಈ ಶಾಖವನ್ನೇ. ತಾಯಿ ಇಲ್ಲದಿದ್ದರೆ ಬಲ್ಬ್ ಉರಿಸಿ ನಾವೇ ಕೊಡಬೇಕು. ನನ್ನ ಮಗಳು ಅಕ್ಕಿ ನುಚ್ಚು ಕೊಟ್ಟಿದ್ದಳು, ನೀರು ಕೊಟ್ಟಿದ್ದಳು, ಪ್ರೀತಿಯನ್ನೂ ಕೊಟ್ಟಿದ್ದಳು. ಅವಕ್ಕೆ ಸಿಗದೆ ಹೋದದ್ದು ಶಾಖ. ಅದು ಬೇಕೆಂದು ತಿಳಿದಿರಬೇಕಾಗಿದ್ದವನು ಅವಳಲ್ಲ, ನಾನು.

ಮೊದಲು ಕೇಳಬೇಕಾದವರು

ವಿಲ್ಸನ್ ಗಾರ್ಡನ್ ಎಂಬ ಹೆಸರಿನಲ್ಲಿ ಗಾರ್ಡನ್ ಇದ್ದರೂ ನಮ್ಮ ಮನೆಗೆ ಅಂಗಳವಿಲ್ಲ. ನಾವಿರುವುದು ಬಾಡಿಗೆಯ ಎರಡನೇ ಮಹಡಿಯಲ್ಲಿ, ನಮ್ಮ ಮೇಲೆ ತಾರಸಿ. ಆದ್ದರಿಂದ ಮೊದಲ ಕೆಲಸ ಗೂಡು ಕಟ್ಟುವುದಲ್ಲ, ಒಪ್ಪಿಗೆ ಕೇಳುವುದು. ಕೆಳಗಡೆ ಮನೆಮಾಲೀಕರ ಕುಟುಂಬವಿದೆ. ಅವರು ಸಸ್ಯಾಹಾರಿಗಳು. ಮನೆಯ ಅಜ್ಜಿಯೇ ಎಲ್ಲದಕ್ಕೂ ಹಿರಿಯರು. ಹೆಂಡತಿ, ಮಗಳ ಜೊತೆ ಹೋಗಿ ವಿಷಯ ಹೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಹುಂಜ ಕೂಗಬಾರದು, ವಾಸನೆ ಬರಬಾರದು, ತಾರಸಿ ಮೇಲೆ ಕೊಯ್ಯೋದು ಮಾಡಬಾರದು. ಇಷ್ಟಕ್ಕೆ ಒಪ್ಪಿದರೆ ಸಾಕಿಕೊಳ್ಳಿ ಮೇಷ್ಟ್ರೇ” ಎಂದರು. ಮೂರೂ ನ್ಯಾಯವಾದ ಮಾತುಗಳೇ. ಒಪ್ಪಿಕೊಂಡೆ. ಹಿಂದಿನ ಮನೆಯವರನ್ನೂ ಕೇಳಿದೆ. ನೆರೆಯವರಿಗೆ ತೊಂದರೆ ಕೊಟ್ಟು ಪಡೆದ ಮೊಟ್ಟೆ ರುಚಿಸದು. ಇದಲ್ಲದೆ ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ಭಾಗದ ಪಾಲಿಕೆಯ ಕಚೇರಿಯಲ್ಲಿ ನಿಯಮವೇನೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಹುಂಜ ಇಲ್ಲದಿದ್ದರೆ ಮೊಟ್ಟೆ ಸಿಗುವುದು ಹೇಗೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಾಗಿಲ್ಲ. ಮೊಟ್ಟೆಯೊಡೆದು ಮರಿ ಬರಬೇಕಾದರೆ ಮಾತ್ರ ಹುಂಜ ಬೇಕು.

ಗೂಡು

ಊರಿನಲ್ಲಿ ಕೋಳಿಗೆ ಭಯ ಮುಂಗುಸಿಯದ್ದು, ನರಿಯದ್ದು. ಇಲ್ಲಿ ಹಗಲು ಹದ್ದಿನ ಕಾಟ, ರಾತ್ರಿ ಬೆಕ್ಕು ಮತ್ತು ಹೆಗ್ಗಣದ ಕಾಟ. ಲಾಲ್‌ಬಾಗ್ ಹತ್ತಿರವಿರುವ ನಮ್ಮ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ. ಮೋರಿಯ ಹೆಗ್ಗಣ ಪೈಪು ಹಿಡಿದು ತಾರಸಿಗೂ ಹತ್ತುತ್ತದೆ. ಅಂಗಡಿಯಲ್ಲಿ ‘ಕೋಳಿ ಜಾಲರಿ’ ಎಂದು ಕೊಡುವ ತೆಳುವಾದ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಹೆಗ್ಗಣ ಒಳಗೆ ಬಾರದಂತೆ ತಡೆಯುವುದಿಲ್ಲ. ಅರ್ಧ ಇಂಚಿನ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯೇ ಬೇಕು. ಬಾಗಿಲಿಗೆ ಎರಡು ಚಿಲಕ ಇರಲಿ.

ನಾಲ್ಕು ಕೋಳಿಗಳಿಗೆ ನಾವು ಮಾಡಿಸಿದ ಗೂಡಿನ ಲೆಕ್ಕ ಹೀಗಿದೆ. ರಾತ್ರಿ ಮಲಗಲು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಮುಚ್ಚಿದ ಗೂಡು, ಅಂದರೆ ಕೋಳಿಯೊಂದಕ್ಕೆ ಮೂರು ಚದರ ಅಡಿ. ಹಗಲು ಓಡಾಡಲು ಅದಕ್ಕೆ ಸೇರಿದಂತೆ ಎಂಟು ಅಡಿ ಉದ್ದ, ಐದು ಅಡಿ ಅಗಲದ ಜಾಲರಿಯ ಆವರಣ, ಮೇಲ್ಭಾಗಕ್ಕೂ ಜಾಲರಿ. ಒಳಗೆ ಕೂರಲು ಒಂದು ಅಡ್ಡಕೋಲು. ಕೋಳಿಯೊಂದಕ್ಕೆ ಎಂಟರಿಂದ ಹತ್ತು ಇಂಚು ಜಾಗ ಬೇಕು. ಕೋಲಿನ ಅಂಚು ಚೂಪಾಗಿರಬಾರದು, ಕಾಲಿಗೆ ಗಾಯವಾಗುತ್ತದೆ. ಮೊಟ್ಟೆ ಇಡಲು ಒಂದಡಿ ಅಗಲದ ಒಂದು ಪೆಟ್ಟಿಗೆ ನಾಲ್ಕು ಹೇಂಟೆಗಳಿಗೆ ಸಾಕು. ಅದು ಕತ್ತಲಾಗಿರಬೇಕು ಮತ್ತು ಅಡ್ಡಕೋಲಿಗಿಂತ ತಗ್ಗಿನಲ್ಲಿರಬೇಕು. ಇಲ್ಲವಾದರೆ ರಾತ್ರಿ ಅದರಲ್ಲೇ ಮಲಗಿ ಹಿಕ್ಕೆ ಹಾಕಿ ಹೊಲಸು ಮಾಡುತ್ತವೆ. ಹಳೆಯ ಮಂಚವೊಂದರ ಮರವನ್ನೇ ಬಡಗಿಗೆ ಕೊಟ್ಟಿದ್ದರಿಂದ ಖರ್ಚಿನ ಬಹುಪಾಲು ಹೋದದ್ದು ಜಾಲರಿಗೆ.

ತಾರಸಿಯ ಸಿಮೆಂಟು ನೆಲ ಏಪ್ರಿಲ್ ತಿಂಗಳಲ್ಲಿ ಹಂಚಿನಂತೆ ಕಾಯುತ್ತದೆ. ಕೋಳಿಗೆ ಚಳಿಗಿಂತ ಸೆಕೆಯೇ ಅಪಾಯ. ಅದಕ್ಕೆ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗಾಗಿ ಗೂಡನ್ನು ನೀರಿನ ಟ್ಯಾಂಕಿನ ನೆರಳು ಬೀಳುವ ಕಡೆ ಇಟ್ಟಿದ್ದೇವೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ್ದೇವೆ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವಂತಿರಬೇಕು, ಮಳೆಯ ಎರಚಲು ಮಾತ್ರ ಒಳಗೆ ಬರಬಾರದು.

ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು ಹಾಕುತ್ತೇವೆ. ಅಜ್ಜಿಯ ಎರಡನೆಯ ಶರತ್ತಿಗೆ ಉತ್ತರ ಈ ಹೊಟ್ಟಿನಲ್ಲಿದೆ. ಕೋಳಿಗೂಡಿನ ಘಾಟು ವಾಸನೆ ಬರುವುದು ಹೊಟ್ಟು ಒದ್ದೆಯಾದಾಗ. ನೀರಿನ ಪಾತ್ರೆ ಚೆಲ್ಲದಂತೆ ನೋಡಿಕೊಂಡು, ದಿನವೂ ಕೆದಕಿ, ಒದ್ದೆಯಾದದ್ದನ್ನು ತೆಗೆದರೆ ವಾಸನೆ ಬಾರದು. ತೆಗೆದ ಹೊಟ್ಟನ್ನು ಎರಡು ಮೂರು ತಿಂಗಳು ಕೊಳೆಯಿಸಿದರೆ ಒಳ್ಳೆಯ ಗೊಬ್ಬರ. ಹಸಿ ಹಿಕ್ಕೆಯನ್ನೇ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಮೊದಲ ಚೀಲ ಗೊಬ್ಬರ ತಮ್ಮ ಗುಲಾಬಿ ಗಿಡಗಳಿಗೆ ಬೇಕೆಂದು ಅಜ್ಜಿ ಈಗಲೇ ಹೇಳಿಟ್ಟಿದ್ದಾರೆ.

ಯಾವ ಕೋಳಿ?

ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಹಿತ್ತಲಲ್ಲಿ ಸಾಕಲೆಂದೇ ರೂಪಿಸಿದ ‘ಗಿರಿರಾಜ’ ತಳಿ ಹುಟ್ಟಿದ್ದು ಇಲ್ಲಿಯ ಹೆಬ್ಬಾಳದಲ್ಲಿ. ನಂತರ 2005ರಲ್ಲಿ ‘ಸ್ವರ್ಣಧಾರ’ ಬಂತು. ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಿದೆ. ಗಿರಿರಾಜ ತೂಕಕ್ಕೆ ಹೆಸರಾದರೆ ಸ್ವರ್ಣಧಾರ ಮೊಟ್ಟೆಯಲ್ಲಿ ಮುಂದು, ವರ್ಷಕ್ಕೆ 180ರ ಆಸುಪಾಸು ಇಡುತ್ತದೆ. ನಮ್ಮ ನಾಟಿಕೋಳಿ ಇಡುವುದು ಅದಕ್ಕಿಂತ ಬಹಳ ಕಡಿಮೆ. ಆದರೆ ಅದು ಕಾವು ಕೂರುತ್ತದೆ, ಮರಿಗಳನ್ನು ತಾನೇ ಬೆಳೆಸುತ್ತದೆ. ನಮಗೆ ಬೇಕಾದದ್ದು ಮೊಟ್ಟೆ, ಹುಂಜವೂ ಇಲ್ಲ. ಆದ್ದರಿಂದ ಸ್ವರ್ಣಧಾರ ಎಂದು ನಿರ್ಧರಿಸಿದೆವು.

ಎಷ್ಟು ಎಂಬುದು ಮುಂದಿನ ಪ್ರಶ್ನೆ. ಕೋಳಿ ಗುಂಪಿನಲ್ಲಿ ಬಾಳುವ ಜೀವಿ. ಒಂದೇ ಒಂದನ್ನು ತರಬೇಡಿ. ಮೂರು ಅಥವಾ ನಾಲ್ಕು ಇರಲಿ.

ವಯಸ್ಸಿನ ವಿಷಯದಲ್ಲಿ ಹೊಸಬರು ತಪ್ಪುವುದು ಹೆಚ್ಚು. ದಿನದ ಮರಿ ಅಗ್ಗವೆಂದು ತರುತ್ತಾರೆ. ಎಂಟರಿಂದ ಹನ್ನೆರಡು ವಾರದ ಹೇಂಟೆಮರಿಗಳನ್ನು ತಂದರೆ ಶಾಖ ಕೊಡುವ ತಾಪತ್ರಯ ಇರುವುದಿಲ್ಲ, ಹೆಣ್ಣೋ ಗಂಡೋ ಎಂಬುದೂ ಬಹುಮಟ್ಟಿಗೆ ತಿಳಿದಿರುತ್ತದೆ. ಇನ್ನೂ ಮುಖ್ಯವಾದ ಕಾರಣವೊಂದಿದೆ. ಕೋಳಿಗಳನ್ನು ಸಾಲುಸಾಲಾಗಿ ಕೊಲ್ಲುವ ರಾಣಿಖೇತ್ ರೋಗಕ್ಕೆ ಲಸಿಕೆ ಹಾಕಿಸಲೇಬೇಕು. ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಆದರೆ ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಅದು ಕೆಟ್ಟುಹೋಗುತ್ತದೆ. ನಾಲ್ಕು ಕೋಳಿಗಾಗಿ ಸೀಸೆ ತರುವುದು ಆಗುವ ಮಾತಲ್ಲ. ಹಾಗಾಗಿ ಲಸಿಕೆ ಮುಗಿದಿರುವ ಮರಿಗಳನ್ನೇ ಕೊಳ್ಳಿ. ಯಾವ ಲಸಿಕೆ, ಯಾವ ದಿನ ಹಾಕಿದರೆಂದು ಕೇಳಿ ಬರೆದುಕೊಳ್ಳಿ. ಹೇಳಲು ತಡವರಿಸುವವರ ಬಳಿ ಕೊಳ್ಳಬೇಡಿ.

ಆಹಾರ, ನೀರು ಮತ್ತು ಲೆಕ್ಕ

ಮನೆಯಲ್ಲಿ ಮಿಕ್ಕಿದ ಅನ್ನದಿಂದಲೇ ಕೋಳಿ ಸಾಕಬಹುದೆಂದು ನಾನೂ ಭಾವಿಸಿದ್ದೆ. ಊರಿನ ಕೋಳಿ ಅನ್ನದ ಜೊತೆ ಗೆದ್ದಲು, ಹುಳ, ಹುಲ್ಲು ಎಲ್ಲವನ್ನೂ ತಾನೇ ಹುಡುಕಿ ತಿನ್ನುತ್ತದೆ. ತಾರಸಿಯ ಕೋಳಿ ಏನನ್ನು ಹುಡುಕೀತು? ಅದಕ್ಕೆ ಮೊಟ್ಟೆಕೋಳಿಯ ಸಿದ್ಧ ಆಹಾರವನ್ನೇ ಕೊಡಬೇಕು. ದಿನಕ್ಕೆ ಕೋಳಿಯೊಂದಕ್ಕೆ ಸುಮಾರು 110 ಗ್ರಾಂ. ಜೊತೆಗೆ ಸೊಪ್ಪು, ತರಕಾರಿ ಸಿಪ್ಪೆ, ಸ್ವಲ್ಪ ಅನ್ನ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಬೇಕು. ಬೂಷ್ಟು ಹಿಡಿದ ಆಹಾರ ಮಾತ್ರ ಬೇಡವೇ ಬೇಡ, ಅದು ವಿಷ. ನೀರು ದಿನಕ್ಕೆ ಕಾಲು ಲೀಟರಿಗೆ ಕಡಿಮೆಯಿಲ್ಲ, ಬೇಸಿಗೆಯಲ್ಲಿ ಅದರ ಎರಡರಷ್ಟು. ಬೂದಿ ಮತ್ತು ಮರಳು ಬೆರೆಸಿದ ಒಂದು ಅಗಲ ಬಾಣಲೆ ಇಟ್ಟರೆ ಅದರಲ್ಲಿ ಹೊರಳಾಡಿ ಮೈಯ ಹೇನು ಕಳೆದುಕೊಳ್ಳುತ್ತವೆ.

ಈಗ ಲೆಕ್ಕ. ನಾಲ್ಕು ಕೋಳಿಗೆ ತಿಂಗಳಿಗೆ ಹದಿಮೂರು ಕೆ.ಜಿ. ಆಹಾರ. ಸರಾಸರಿ ದಿನಕ್ಕೆ ಎರಡರಂತೆ ತಿಂಗಳಿಗೆ ಅರವತ್ತು ಮೊಟ್ಟೆ. ಅಂಗಡಿಯ ಬೆಲೆಗೆ ಹೋಲಿಸಿದರೆ ಎರಡೂ ಹೆಚ್ಚುಕಡಿಮೆ ಸಮ. ಗೂಡಿನ ಖರ್ಚು ಮರಳಿ ಬರುವುದಿಲ್ಲ. ಹಾಗೆಯೇ ಐದಾರು ತಿಂಗಳಾಗುವವರೆಗೆ ಮೊಟ್ಟೆಯೇ ಇಲ್ಲ. ಗರಿ ಉದುರುವ ಕಾಲದಲ್ಲೂ ಮೊಟ್ಟೆ ನಿಲ್ಲುತ್ತದೆ. ಹಣ ಉಳಿಸಲು ಕೋಳಿ ಸಾಕುವವರು ಈ ಲೆಕ್ಕವನ್ನು ಮೊದಲೇ ನೋಡಿಕೊಳ್ಳಲಿ.

ಶುಚಿತ್ವ

ಗೂಡಿಗೆ ಹೋಗಿ ಬಂದವರು ಸೋಪು ಹಾಕಿ ಕೈ ತೊಳೆಯಲೇಬೇಕು. ಪುಟ್ಟ ಮಕ್ಕಳು ಕೋಳಿಗೆ ಮುತ್ತಿಡಲು ಬಿಡಬಾರದು, ಭೇದಿ ತರುವ ರೋಗಾಣುಗಳು ಹಾಗೆಯೇ ಬರುವುದು. ಪಾರಿವಾಳ, ಕಾಗೆಗಳು ಕೋಳಿಯ ನೀರಿಗೆ ಬಾಯಿ ಹಾಕದಂತೆ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಅದು ಹೆಸರಘಟ್ಟದ ಸರಕಾರಿ ಕೇಂದ್ರಕ್ಕೇ ಬಂದಿತ್ತು. ಕೋಳಿಗಳು ಇದ್ದಕ್ಕಿದ್ದಂತೆ ಒಂದರ ಹಿಂದೆ ಒಂದು ಸತ್ತರೆ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಮುಚ್ಚಿಡಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಗಲ್ಲಿಯಲ್ಲಿ ಬಿಟ್ಟು ಸಾಕುವವರಿಗೆ ಒಂದು ಮಾತು. ಮೋರಿಯ ಹೊಲಸು ತಿಂದು ಬೆಳೆಯುವ ಪ್ರಾಣಿಯನ್ನು ಫಿಕ್‌ಹ್ ಗ್ರಂಥಗಳು ‘ಜಲ್ಲಾಲ’ ಎನ್ನುತ್ತವೆ. ಅಂತಹ ಕೋಳಿಯನ್ನು ಮೂರು ದಿನ ಕೂಡಿಹಾಕಿ ಶುದ್ಧ ಆಹಾರ ಕೊಟ್ಟ ಬಳಿಕವೇ ತಿನ್ನುವ ರೂಢಿ ಹಿಂದಿನಿಂದಲೂ ಇದೆ. ಇಬ್ನು ಉಮರ್(ರ) ಹಾಗೆ ಮಾಡುತ್ತಿದ್ದರೆಂದು ವರದಿಯಿದೆ. ನಾವು ಕೊಡುವ ಆಹಾರವೇ ನಮ್ಮ ತಟ್ಟೆಗೆ ಮರಳುತ್ತದೆ ಎಂಬ ತಿಳಿವಳಿಕೆ ಹೊಸದೇನಲ್ಲ.

ಮೊಟ್ಟೆ ನಿಂತ ಮೇಲೆ?

ಗೂಡು ಮುಗಿದ ದಿನ ಉಮ್ಮನಿಗೆ ಫೋನಿನಲ್ಲಿ ಫೋಟೋ ಕಳಿಸಿದೆವು. ಅವರು ಚಿಲಕ ನೋಡಿದರು, ಅಡ್ಡಕೋಲು ನೋಡಿದರು, ಮೆಚ್ಚಿದರು. ಆಮೇಲೆ ಕೇಳಿದರು: “ಮೊಟ್ಟೆ ನಿಂತ ಮೇಲೆ ಏನು ಮಾಡುತ್ತೀ?”

ಇದು ನಾನು ಯೋಚಿಸದಿದ್ದ ಪ್ರಶ್ನೆ. ಕೋಳಿ ಚೆನ್ನಾಗಿ ಮೊಟ್ಟೆ ಇಡುವುದು ಎರಡು ಮೂರು ವರ್ಷ. ಚೆನ್ನಾಗಿ ನೋಡಿಕೊಂಡರೆ ಬದುಕುವುದು ಅದರ ಎರಡರಷ್ಟು ಅಥವಾ ಹೆಚ್ಚು. ಕೊಯ್ದು ತಿನ್ನುವುದು ನಮಗೆ ಹಲಾಲ್, ಊರಿನಲ್ಲಿ ನಾನು ತಿಂದು ಬೆಳೆದದ್ದೂ ಹಾಗೆಯೇ. ಆದರೆ ನನ್ನ ಮಗಳು ಒಮ್ಮೆ ರಟ್ಟಿನ ಪೆಟ್ಟಿಗೆ ತೆರೆದು ನೋಡಿದವಳು. ಅವಳು ಶಾಲೆಗೆ ಹೋದಾಗ ಕೊಯ್ದು, ‘ಕೋಳಿ ಊರಿಗೆ ಹೋಯಿತು’ ಎಂದು ಸುಳ್ಳು ಹೇಳುವುದು ನನ್ನಿಂದಾಗದು. ಅದಕ್ಕೇ ಅವಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೋಳಿ ಮುದಿಯಾಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಆಗ ಎರಡೇ ದಾರಿ. ಕೊಯ್ಯಬೇಕು, ಇಲ್ಲವೇ ಸಾಯುವವರೆಗೆ ಸುಮ್ಮನೆ ಸಾಕಬೇಕು.

ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಬ್ಬಾ, ಹೆಸರಿಟ್ಟ ಕೋಳಿಯನ್ನು ಕೊಯ್ಯಬಾರದು. ಹೆಸರಿಡದಿದ್ದರೆ ಕೊಯ್ಯಬಹುದು” ಎಂದಳು. ನನಗೆ ಅದು ಸರಿಯೆನಿಸಿತು, ಒಪ್ಪಿದೆ. ನಾಲ್ಕರಲ್ಲಿ ಒಂದಕ್ಕೋ ಎರಡಕ್ಕೋ ಹೆಸರಿಟ್ಟಾಳು ಎಂದುಕೊಂಡೆ.

ಕಟ್ಟಿಹಾಕಿದ ಬೆಕ್ಕಿಗೆ ಅನ್ನವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿನ ಕಥೆಯನ್ನು ನಾನು ಎಷ್ಟೋ ಬಾರಿ ಮಕ್ಕಳಿಗೆ ತರಗತಿಯಲ್ಲಿ ಹೇಳಿದ್ದೇನೆ. ಗೂಡಿನ ಚಿಲಕ ಹಾಕುವವನ ಮೇಲೆ ಆ ಕಥೆ ಎಷ್ಟು ಭಾರವೆಂದು ಈಗ ಅರ್ಥವಾಗುತ್ತಿದೆ. ಚಿಲಕ ಹಾಕಿದ ಮೇಲೆ ಅದರ ಹಸಿವು, ಬಾಯಾರಿಕೆ, ಬಿಸಿಲು, ಮುಪ್ಪು ಎಲ್ಲವೂ ನಮ್ಮ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೆ ಸಿದ್ಧರಿಲ್ಲದವರು ಅಂಗಡಿಯಿಂದ ಮೊಟ್ಟೆ ತಂದು ತಿನ್ನುವುದೇ ಒಳ್ಳೆಯದು, ಅದರಲ್ಲಿ ತಪ್ಪಿಲ್ಲ.

ಮುಂದಿನ ಭಾನುವಾರ ಕೋಳಿ ತರಲು ಹೋಗುತ್ತಿದ್ದೇವೆ. ಹೊಟ್ಟು ಹಾಸಿದ್ದಾಗಿದೆ, ಆಹಾರದ ಚೀಲ ಬಂದಿದೆ, ನೀರಿನ ಪಾತ್ರೆ ತೊಳೆದಿಟ್ಟಿದ್ದೇವೆ. ನಿನ್ನೆ ತಾರಸಿಗೆ ಹೋದಾಗ ಗೂಡಿನ ಬಾಗಿಲಿಗೆ ಮಗಳು ಒಂದು ಹಾಳೆ ಅಂಟಿಸಿದ್ದಳು. ಅದರಲ್ಲಿ ನಾಲ್ಕು ಹೆಸರುಗಳಿದ್ದವು.